ಎರಡನೇ ಸಲ ಒತ್ತಿದ ಗುಂಡಿ
ಉಪ್ಪಾರಪೇಟೆಯ ಮೆಜೆಸ್ಟಿಕ್ ನಿಲ್ದಾಣದಲ್ಲಿ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರಕ್ಕೆ ಪುಟ್ಟ ಪರದೆಯಿದೆ. ತಪ್ಪು ಅಂಕೆ ಒತ್ತಿದರೆ ಕಾಣುತ್ತದೆ, ಅಳಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360 ಗಣಕ ನಡೆಯುತ್ತಿದ್ದ ದಿನಗಳ ಮಾಹಿತಿ ಬರೆಯುವ ಯಂತ್ರಕ್ಕೆ ಆ ಸೌಕರ್ಯ ಇರಲಿಲ್ಲ. 1964ರ ಐಬಿಎಂ 029 ಪಂಚ್ ಯಂತ್ರದಲ್ಲಿ ಗುಂಡಿ ಒತ್ತಿದೊಡನೆ 80 ಕಾಲಂಗಳ ರಟ್ಟಿನ ಕಾರ್ಡಿಗೆ ತೂತು ಬೀಳುತ್ತಿತ್ತು. ತೂತನ್ನು ಅಳಿಸುವುದೆಲ್ಲಿ ಬಂತು? ಹೊಸ ಕಾರ್ಡು ಎಳೆದುಕೊಂಡು, ಸರಿಯಿದ್ದಷ್ಟನ್ನು 'ಡ್ಯೂಪ್' ಗುಂಡಿಯಿಂದ ನಕಲು ಮಾಡಿ ಮುಂದುವರಿಯಬೇಕು. ಈಗ ಎಷ್ಟನೇ ಕಾಲಂ ಎಂದು ತಿಳಿಸಲು ಒಂದು ಸಣ್ಣ ಸೂಚಕ, ಅಷ್ಟೇ. ಅಂಕೆಗಳೆಲ್ಲ ಬಲಗೈ ಬೆರಳುಗಳ ಕೆಳಗೆ, ಅಕ್ಷರಗಳ ಜೊತೆಯಲ್ಲೇ ಕೂತಿದ್ದವು. ಉರುಳೆಗೆ ಸುತ್ತಿದ ಇನ್ನೊಂದು ಕಾರ್ಡು ಯಾವ ಕಾಲಂ ಬಿಟ್ಟು ಹಾರಬೇಕು, ಎಲ್ಲಿ ಅಂಕೆಗೆ ಬದಲಾಗಬೇಕು ಎಂದು ಯಂತ್ರವನ್ನು ನಡೆಸುತ್ತಿತ್ತು. ನನಗೆ ಬಹಳ ಮೆಚ್ಚುಗೆ ಇದರ ಜೋಡಿ ಯಂತ್ರ ವೆರಿಫೈಯರ್ ಮೇಲೆ. ಮತ್ತೊಬ್ಬರು ಅದೇ ಕಾಗದ ನೋಡಿ ಅದೇ ಕಾರ್ಡಿನ ಮೇಲೆ ಎಲ್ಲವನ್ನೂ ಮತ್ತೆ ಒತ್ತಬೇಕು. ಒತ್ತಿದ್ದು ಮೊದಲಿನ ತೂತುಗಳಿಗೆ ಹೊಂದಿದರೆ ಕಾರ್ಡಿನ ಬಲ ಅಂಚಿಗೆ ಕಚ್ಚು. ಮತ್ತೆ ಮತ್ತೆ ಒತ್ತಿದರೂ ಹೊಂದದಿದ್ದರೆ ತಪ್ಪಿದ ಕಾಲಂನ ನೆತ್ತಿಗೇ ಕಚ್ಚು. ಕೂಲಿ ಎರಡರಷ್ಟು, ನಿಜ. ಆದರೂ ಸಂಬಳ, ಜನ್ಮದಿನಾಂಕದಂಥ ವಿವರಗಳಿಗೆ ಆ ಖರ್ಚು ನ್ಯಾಯವಾದದ್ದೇ. ಈಗ ಹಣ ಕಳಿಸುವಾಗ ಖಾತೆ ಸಂಖ್ಯೆಯನ್ನು ಎರಡು ಸಲ ಕೇಳುತ್ತಾರೆ. ಆದರೆ ಎರಡೂ ಸಲ ಒತ್ತುವವರು ಒಬ್ಬರೇ. ಮೊದಲು ತಪ್ಪಾಗಿ ಓದಿಕೊಂಡವರು ಎರಡನೇ ಸಲವೂ ಹಾಗೆಯೇ ಓದುತ್ತಾರೆ.