ತಲೆಗೆ ಎಷ್ಟು ಅಂತ ಕೇಳುವ ಮೊದಲು, ದೋಣಿಗೆ ಎಷ್ಟು ತಲೆ ಅಂತ ಕೇಳಿ!

ಕಡಲಿಗೆ ಹೋಗಿ ಗಾಳ ಹಾಕುವ ಹುಚ್ಚು ಈಗ ಬೆಂಗಳೂರು, ಮೈಸೂರಿನ ನಮ್ಮ ಹುಡುಗರಿಗೂ ಹತ್ತಿದೆ. ಒಳ್ಳೆಯ ಹುಚ್ಚೇ. ಮಾಲುಗಳಲ್ಲಿ ದುಡ್ಡು ಸುರಿಯುವ ಬದಲು ಮಲ್ಪೆ, ಹೊನ್ನಾವರ, ಕಾರವಾರ ನೋಡಿ ಬರುವುದು ಎಷ್ಟೋ ಮೇಲು. ನಾಡಿನ ಮೂರು ಕರಾವಳಿ ಜಿಲ್ಲೆಗಳಲ್ಲಿ ಕಾಲಿಡದೆ ನಾಡಿನ ಹೆಸರಲ್ಲಿ ಜೈಕಾರ ಹಾಕಿದರೆ ಏನು ಬಂತು?

ಆದರೆ ಗೆಳೆಯರೇ, ಹೊರಡುವ ಮುಂಚೆ ನೀವು ಲೆಕ್ಕ ಹಾಕುವ ರೀತಿ ಇದೆಯಲ್ಲ, ಅದು ಸರಿಯಿಲ್ಲ. "ತಲೆಗೆ ಎಷ್ಟು ಬೀಳುತ್ತೆ ಗುರೂ?" ಇದೊಂದೇ ಪ್ರಶ್ನೆ. ಇದಕ್ಕೆ ಅಗ್ಗದ ಉತ್ತರ ಕೊಡುವವನು ಸಿಕ್ಕರೆ ಸಾಕು, ಮುಂಗಡ ಹೋಗಿಯೇಬಿಡುತ್ತದೆ. ನಾನು ಹೇಳುವುದಿಷ್ಟೆ: ಅದು ಕೊನೆಯ ಪ್ರಶ್ನೆ. ದೋಣಿಗೆ ಎಷ್ಟು ತಲೆ ಅನ್ನುವುದು ಮೊದಲ ಪ್ರಶ್ನೆ.

ಪ್ಲೇಟಿನ ಖರ್ಚು, ಕಾಗದದ ಖರ್ಚು

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಲೆಕ್ಕ ಕಲಿಸಿದ್ದು ಕಾಲೇಜಲ್ಲ, ಮೆಷಿನ್ನು. ನೂರು ಕರಪತ್ರ ಹೊಡೆದರೂ ಪ್ಲೇಟು ಒಂದೇ, ಸಾವಿರ ಹೊಡೆದರೂ ಪ್ಲೇಟು ಒಂದೇ. ಕಾಗದದ ಖರ್ಚು ಮಾತ್ರ ಪ್ರತಿಗಳ ಜೊತೆ ಏರುತ್ತದೆ.

ದೋಣಿಯ ಲೆಕ್ಕವೂ ಹೀಗೆಯೇ. ದೋಣಿಯ ಬಾಡಿಗೆ, ಡೀಸೆಲ್, ತಂಡೇಲ ಮತ್ತವನ ಜೊತೆಯವರ ಕೂಲಿ, ಇವೆಲ್ಲ ಪ್ಲೇಟಿನ ಖರ್ಚು. ಮೂವರು ಹತ್ತಿದರೂ ಅಷ್ಟೆ, ಎಂಟು ಜನ ಹತ್ತಿದರೂ ಅಷ್ಟೆ. ರೈಲಿನ ಟಿಕೆಟ್ಟು, ಊಟ, ಕೋಣೆ, ಗಾಳದ ಕೋಲಿನ ಬಾಡಿಗೆ, ಇವು ಕಾಗದದ ಖರ್ಚು. ಎರಡನ್ನೂ ಕಲಸಿ "ಪ್ಯಾಕೇಜು" ಅಂತ ಒಂದೇ ಅಂಕಿ ಹೇಳುತ್ತಾರಲ್ಲ, ಅಲ್ಲೇ ನಿಮ್ಮ ಜೇಬಿಗೆ ಕತ್ತರಿ.

ಒಂದು ಉದಾಹರಣೆ ನೋಡಿ. ಇದು ಯಾವ ಬಂದರಿನ ದರಪಟ್ಟಿಯೂ ಅಲ್ಲ, ಲೆಕ್ಕ ತಿಳಿಯಲಿ ಅಂತ ನಾನೇ ಇಟ್ಟ ಅಂಕಿ. ಇಡೀ ದೋಣಿಗೆ ೧೨,೦೦೦ ರೂಪಾಯಿ. ಬೇರೆಯವರ ಜೊತೆ ಹಂಚಿಕೊಂಡು ಹೋದರೆ ಸೀಟಿಗೆ ೧,೮೦೦. ನೀವು ಐವರಿದ್ದರೆ ಇಡೀ ದೋಣಿ ತಲೆಗೆ ೨,೪೦೦ ಬೀಳುತ್ತದೆ, ಸೀಟೇ ಅಗ್ಗ. ಆರು ಜನರಾದರೆ ೨,೦೦೦, ಆಗಲೂ ಸೀಟೇ ಅಗ್ಗ. ಏಳನೆಯವನು ಬಂದ ಕೂಡಲೇ ತಲೆಗೆ ೧,೭೧೫ರ ಹತ್ತಿರ ಬರುತ್ತದೆ, ಇಡೀ ದೋಣಿಯೇ ಅಗ್ಗ. ಎಂಟು ಜನರಾದರೆ ೧,೫೦೦. ಅಂದರೆ ಏಳನೆಯ ಗೆಳೆಯ ಬರುತ್ತಾನೋ ಇಲ್ಲವೋ ಅನ್ನುವುದರ ಮೇಲೆ ನಿಮ್ಮ ಇಡೀ ತೀರ್ಮಾನ ನಿಂತಿದೆ!

ಆ ಏಳನೆಯವನೇ ಹಿಂದಿನ ರಾತ್ರಿ "ಆಫೀಸಲ್ಲಿ ರಜೆ ಸಿಗಲಿಲ್ಲ ಮಚ್ಚಾ" ಅನ್ನುವವನು. ಅವನ ಪಾಲು ಯಾರ ತಲೆಗೆ? ಉಳಿದ ಆರು ಜನರ ತಲೆಗೆ. ಅಲ್ಲಿಗೆ ಸ್ನೇಹವೂ ಹೋಯಿತು. ಮದುವೆ ಕಾಗದದ ಆರ್ಡರಿಗೆ ನಾವು ಅರ್ಧ ಹಣ ಮುಂಗಡ ಪಡೆಯದೆ ಕಂಪೋಸಿಂಗಿಗೇ ಕೂರುವುದಿಲ್ಲ. ನೀವೂ ಹಾಗೇ ಮಾಡಿ. ದೋಣಿ ಹೇಳುವ ಮುನ್ನವೇ ಪ್ರತಿಯೊಬ್ಬನಿಂದ ದೋಣಿಯ ಪಾಲು ವಸೂಲಿ ಮಾಡಿ. ಬಿಟ್ಟವನಿಗೆ ಆ ಪಾಲು ವಾಪಸಿಲ್ಲ ಅಂತ ಮೊದಲೇ ಹೇಳಿಬಿಡಿ. ಅವನೇ ಬದಲಿ ಆಳು ತಂದರೆ ಸರಿ.

ಗಂಟೆಯ ಮೋಸ

ಇನ್ನೊಂದು ಲೆಕ್ಕ ಬಹಳ ಜನ ಹಾಕುವುದೇ ಇಲ್ಲ. "ನಾಲ್ಕು ಗಂಟೆ ಟ್ರಿಪ್ಪು" ಅನ್ನುತ್ತಾರೆ. ಆ ನಾಲ್ಕು ಗಂಟೆ ದಡ ಬಿಟ್ಟಾಗಿನಿಂದ ದಡ ಮುಟ್ಟುವವರೆಗೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆಯಾದರೆ ಗಾಳ ನೀರಿನಲ್ಲಿ ಇರುವುದು ಎರಡೇ ಗಂಟೆ. ಆ ಎರಡು ಗಂಟೆಯಲ್ಲೂ ಹೊಸಬರಲ್ಲಿ ಇಬ್ಬರು ವಾಂತಿ ಮಾಡಿಕೊಂಡು ಮಲಗುತ್ತಾರೆ. ಅಂಜಲ್ ಹಿಡಿಯುತ್ತೇನೆ ಅಂತ ಹೋದವನು ಆಕಾಶ ನೋಡುತ್ತಾ ಬರುತ್ತಾನೆ.

ಆದ್ದರಿಂದ ಮೊದಲ ಸಲ ಹೋಗುವವರು ಆಳ ಕಡಲಿನ ಆಸೆ ಬಿಡಿ. ನದಿ ಕಡಲು ಸೇರುವ ಅಳಿವೆಗಳಿವೆ. ಹೊನ್ನಾವರದಲ್ಲಿ ಶರಾವತಿ, ಕಾರವಾರದಲ್ಲಿ ಕಾಳಿ, ಮಲ್ಪೆಯ ಪಕ್ಕ ಕೋಡಿಬೆಂಗ್ರೆ. ಅಲೆ ಕಡಿಮೆ, ದೂರ ಕಡಿಮೆ, ದೂರ ಕಡಿಮೆಯಾದಷ್ಟೂ ಡೀಸೆಲ್ ಕಡಿಮೆ. ಗಾಳ ನೀರಿನಲ್ಲಿರುವ ಹೊತ್ತು ಹೆಚ್ಚು. ಟ್ರಿಪ್ಪಿನ ಗಂಟೆಗೆ ಎಷ್ಟು ಅಂತಲ್ಲ, ಗಾಳ ಹಾಕಿದ ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ.

ಕಾಲವನ್ನೂ ನೋಡಿ. ಜೂನ್ ೧ರಿಂದ ಜುಲೈ ೩೧ರವರೆಗೆ, ಒಟ್ಟು ೬೧ ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲು ಕೆರಳುವ ಕಾಲ. "ಮಳೆಗಾಲದ ರಿಯಾಯಿತಿ" ಅಂತ ಯಾವನಾದರೂ ಆಸೆ ತೋರಿಸಿದರೆ ಅವನ ನಂಬರನ್ನೇ ಅಳಿಸಿಹಾಕಿ.

ಅಗ್ಗದ ಸೀಟಿನ ನಿಜವಾದ ಬೆಲೆ

ಈಗ ಮೊದಲ ಪ್ರಶ್ನೆಗೆ ಬರೋಣ. ಹಂಚಿಕೊಂಡು ಹೋಗುವ ದೋಣಿಯಲ್ಲಿ ಸೀಟು ಅಗ್ಗವಾಗುವುದು ಹೇಗೆ? ಪ್ಲೇಟಿನ ಖರ್ಚು ಹೆಚ್ಚು ತಲೆಗಳಿಗೆ ಹಂಚಿಹೋಗುವುದರಿಂದ. ಮಿತಿಯೊಳಗೆ ಹಂಚಿದರೆ ಅದು ವ್ಯಾಪಾರ. ಮಿತಿ ದಾಟಿಸಿ ಹಂಚಿದರೆ ಅದು ಕೊಲೆ.

ಮಾತು ಖಾರವಾಯಿತೇ? ೨೦೧೯ರ ಜನವರಿ ೨೧ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿದ್ದವರ ದೋಣಿ ವಾಪಸು ಬರುವಾಗ ಮಗುಚಿತು. ಮಿತಿ ಮೀರಿ ಜನ ಹತ್ತಿದ್ದರು. ೧೬ ಜನ ಸತ್ತರು. ೨೦೨೩ರ ಮೇ ೭ರಂದು ಪಕ್ಕದ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ ೨೨ ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. ಅದು ಮೀನು ಹಿಡಿಯುವ ದೋಣಿಯನ್ನು ವಿಹಾರದ ದೋಣಿಯಾಗಿ ಮಾರ್ಪಡಿಸಿದ್ದು. ಅಲ್ಲೂ ಮಿತಿ ಮೀರಿ ಜನ. ಆ ಎರಡೂ ದಿನ ಹತ್ತಿದವರಲ್ಲಿ ಯಾರಾದರೂ "ಈ ದೋಣಿಗೆ ಎಷ್ಟು ಜನರ ಮಿತಿ?" ಅಂತ ಪಟ್ಟು ಹಿಡಿದು ನಿಂತಿದ್ದರೆ?

ಮೀನು ಹಿಡಿಯಲು ನೋಂದಣಿಯಾದ ದೋಣಿ ಬೇರೆ, ಪ್ರವಾಸಿಗರನ್ನು ಕೂರಿಸಲು ಪರವಾನಗಿ ಪಡೆದ ದೋಣಿ ಬೇರೆ. ಪರವಾನಗಿ ತೋರಿಸಿ ಅಂತ ಕೇಳುವುದು ಅವಮಾನವಲ್ಲ. ಪ್ರತಿಯೊಬ್ಬನಿಗೂ ಲೈಫ್ ಜಾಕೆಟ್ ಇದೆಯೋ, ಬಕಲು ಗಟ್ಟಿ ಇದೆಯೋ, ವಿಮೆ ಇದೆಯೋ ಕೇಳಿ. ಇಲ್ಲದಿದ್ದರೆ ಇಳಿದು ಬನ್ನಿ. ಮುಂಗಡ ಹೋದರೆ ಹೋಗಲಿ, ಅದನ್ನು ಮುಂದಿನ ತಿಂಗಳು ದುಡಿಯಬಹುದು.

ನೇರ ಮಾತಾಡಿ, ಬರೆಸಿಕೊಳ್ಳಿ

ನಗರದಲ್ಲಿ ಕೂತು ಇಂಗ್ಲಿಷಿನಲ್ಲಿ ಬುಕಿಂಗ್ ಮಾಡುವ ಮಧ್ಯವರ್ತಿಗೆ ಕಮಿಷನ್ ಯಾಕೆ ಕೊಡುತ್ತೀರಿ? ದೋಣಿಯವರ ಮನೆಮಾತು ತುಳುವೋ ಕೊಂಕಣಿಯೋ ಇರಬಹುದು. ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಫೋನಿನಲ್ಲಿ ನೇರ ಮಾತಾಡಿ, ಮರ್ಯಾದೆಯಿಂದ ಮಾತಾಡಿ. ಅಷ್ಟನ್ನೂ ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಬರೀ ಮೆಸೇಜಾದರೂ ಸಾಕು. ಎಷ್ಟು ಗಂಟೆ, ಎಷ್ಟು ಜನ, ಡೀಸೆಲ್ ಸೇರಿದೆಯೋ, ಗಾಳ, ಎರೆ, ಐಸು ಯಾರದು, ಹಿಡಿದ ಮೀನು ಯಾರಿಗೆ, ಗಾಳಿ ಎದ್ದು ಹೋಗಲಾಗದಿದ್ದರೆ ಮುಂಗಡ ವಾಪಸೋ ಬೇರೆ ದಿನವೋ. ಹೋಗುವುದೋ ಬೇಡವೋ ಅನ್ನುವುದು ತಂಡೇಲನ ತೀರ್ಮಾನ, ನಿಮ್ಮದಲ್ಲ. ಅವನು ಬೇಡ ಅಂದರೆ ಬೇಡ. ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಅವನನ್ನು ಒಪ್ಪಿಸಲು ಹೋಗಬೇಡಿ.

ಉಳಿಸುವ ಜಾಗ ಬೇಕಾದಷ್ಟಿದೆ. ಕಾರಿನ ಬದಲು ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಸ್ಲೀಪರ್ ಟಿಕೆಟ್ ತೆಗೆಯಿರಿ, ಒಂದು ರಾತ್ರಿಯ ಕೋಣೆಯ ಬಾಡಿಗೆಯೂ ಉಳಿಯುತ್ತದೆ. ಕೋಲು ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ಕುಡಿಯುವ ಖರ್ಚನ್ನು ಪೂರ್ತಿ ಹೊಡೆದುಹಾಕಿ, ದೋಣಿಯಲ್ಲಿ ಕುಡಿದವನು ತನ್ನ ಜೊತೆ ಇನ್ನೊಬ್ಬನನ್ನೂ ಮುಳುಗಿಸುತ್ತಾನೆ. ಒಟ್ಟು ಲೆಕ್ಕದ ಮೇಲೆ ನೂರಕ್ಕೆ ಹತ್ತರಷ್ಟು ಕೈಯಲ್ಲಿರಲಿ, ಪ್ರೆಸ್ಸಿನಲ್ಲಿ ನಾವು ಹಾಳಾಗುವ ಕಾಗದಕ್ಕೆ ಇಡುವ ಹಾಗೆ. ಉಳಿದರೆ ದೋಣಿಯ ಹುಡುಗರ ಕೈಗೆ ಅದರಲ್ಲೊಂದಿಷ್ಟು ಕೊಟ್ಟು ಬನ್ನಿ.

ಆದರೆ ಎರಡು ಸಾಲಿಗೆ ಮಾತ್ರ ಕತ್ತರಿ ಹಾಕಬೇಡಿ. ಒಂದು ಲೈಫ್ ಜಾಕೆಟ್ಟು, ಇನ್ನೊಂದು ದೋಣಿಯವರ ಕೂಲಿ. ಆ ಎರಡಕ್ಕೆ ದುಡ್ಡು ಸಾಲದಿದ್ದರೆ ಈ ಸಲ ದಡದ ಬಂಡೆಯ ಮೇಲೆ ಕೂತು ಗಾಳ ಹಾಕಿ. ಖರ್ಚಿಲ್ಲ, ಕಡಲೂ ಅದೇ. ಎಂಟು ಜನ ಹೊರಟರೆ ಎಂಟು ಜನವೂ ಮನೆ ಸೇರಬೇಕು. ಮೀನು ಸಿಗದಿದ್ದರೆ ಬಿಡಿ, ಬಂದರಿನಲ್ಲಿ ಮೀನು ಮಾರುವ ಅಕ್ಕಂದಿರಿದ್ದಾರೆ.