ಪಿ.ಟಿ. ಮಾಸ್ಟ್ರನ್ನು ಶಾಲೆಯ ಪೊಲೀಸ್ ಮಾಡಿದ್ದು ಯಾರು?

ಶಾಲೆಯಲ್ಲಿ ಗಲಾಟೆ ಆಯಿತು, ಹುಡುಗ ಮಾಸ್ಟ್ರಿಗೆ ಎದುರು ಮಾತಾಡಿದ ಎಂಬ ಸುದ್ದಿ ನಮ್ಮ ಊರುಗಳಲ್ಲಿ ಬಂದಾಗ, ಬಹಳ ಸಲ ಆ ಮಾಸ್ಟ್ರು ಪಿ.ಟಿ. ಮಾಸ್ಟ್ರೇ ಆಗಿರುತ್ತಾರೆ. ಅವರು ಕೆಟ್ಟವರು ಅಂತ ಅಲ್ಲ. ಗಣಿತದವರು ಪಾಠ ಮುಗಿಸಿ ಸ್ಟಾಫ್ ರೂಮಿಗೆ ಹೋಗುತ್ತಾರೆ. ಗೇಟಿನಲ್ಲಿ ನಿಂತು ತಡವಾಗಿ ಬಂದವರನ್ನು ತಡೆಯುವುದು, ಹೇರ್ ಕಟ್ಟಿಂಗ್ ನೋಡುವುದು, ಬ್ಯಾಗಿನಲ್ಲಿ ಮೊಬೈಲ್ ಹುಡುಕುವುದು, ಹೊಡೆದಾಡಿಕೊಂಡವರನ್ನು ಬಿಡಿಸುವುದು ಎಲ್ಲವೂ ಪಿ.ಟಿ. ಮಾಸ್ಟ್ರ ತಲೆಗೆ. ಆಟ ಕಲಿಸಬೇಕಾದವರನ್ನು ಶಾಲೆಯ ಪೊಲೀಸ್ ಮಾಡಿಬಿಟ್ಟರೆ ಜಗಳ ಆಗದೆ ಇನ್ನೇನು?

ನಮ್ಮ ಮಕ್ಕಳ ಮಟ್ಟಿಗೆ ಇದಕ್ಕೆ ಇನ್ನೊಂದೆರಡು ಕಾರಣ ಸೇರುತ್ತವೆ. ಬೆಳಗ್ಗೆ ಬೇಗ ಎದ್ದು ಮದ್ರಸಕ್ಕೆ ಹೋಗಿ, ಮನೆಗೆ ಬಂದು, ಬಸ್ ಹಿಡಿದು ಬರುವ ಮಗು ಹತ್ತು ನಿಮಿಷ ತಡವಾಗಿರುತ್ತದೆ. ರಮಝಾನಿನಲ್ಲಿ ಉಪವಾಸ ಇರುವ ಹುಡುಗ ಬಿಸಿಲಲ್ಲಿ ಓಡಲು ಆಗುವುದಿಲ್ಲ ಅನ್ನುತ್ತಾನೆ. ಹುಡುಗಿಯರು ಹೊಟ್ಟೆನೋವಿನ ನೆಪ ಹೇಳಿ ಆಟದ ಪೀರಿಯಡಿನಲ್ಲಿ ಮೂಲೆಯಲ್ಲಿ ಕೂರುತ್ತಾರೆ. ಹಿಂದಿನ ಕಾರಣ ಗೊತ್ತಿಲ್ಲದ ಮಾಸ್ಟ್ರಿಗೆ ಇದು ಉದ್ಧಟತನವಾಗಿ ಕಾಣುತ್ತದೆ. ಮಗುವಿಗೆ ಮಾಸ್ಟ್ರೇ ಶತ್ರುವಾಗಿ ಕಾಣುತ್ತಾರೆ.

ಆಗ ಕೈಗೆ ಬರುವುದು ಹಳೆಯ ಮದ್ದು. ಎಲ್ಲರ ಎದುರು ಬೈಗುಳ, ಬಸ್ಕಿ, ಗ್ರೌಂಡಿಗೆ ಹತ್ತು ರೌಂಡ್, ಕೆಲವು ಕಡೆ ಪೆಟ್ಟು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಾಲ ನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ, ತನ್ನ ಸುಪರ್ದಿಯಲ್ಲಿರುವ 18 ವರ್ಷದೊಳಗಿನ ಮಗುವಿನ ಮೇಲೆ ಕ್ರೌರ್ಯ ಎಸಗುವುದು ಜೈಲು ಶಿಕ್ಷೆಯ ಅಪರಾಧ. ನಮ್ಮ ಸಮುದಾಯದ ಆಡಳಿತ ಮಂಡಳಿಗಳ ಶಾಲೆಗಳೂ ಇದನ್ನು ನೆನಪಿಟ್ಟುಕೊಳ್ಳಬೇಕು. ಬೆತ್ತ ನಮ್ಮವರ ಕೈಯಲ್ಲಿದ್ದರೆ ಅದು ಬೆತ್ತ ಅಲ್ಲದೆ ಹೋಗುವುದಿಲ್ಲ.

ಕಾನೂನು ಬಿಡಿ, ಆಟದ ಲೆಕ್ಕದಲ್ಲೂ ಇದು ಸೋಲೇ. ಓಟವನ್ನು ಶಿಕ್ಷೆಯಾಗಿ ಕೊಟ್ಟರೆ ಮಗು ಕಲಿಯುವುದು ಓಟವನ್ನು ದ್ವೇಷಿಸಲಿಕ್ಕೆ. ಪಿ.ಟಿ. ಮಾಸ್ಟ್ರಿಗೆ ಇದಕ್ಕಿಂತ ಒಳ್ಳೆಯ ದಾರಿ ಅವರ ಮೈದಾನದಲ್ಲೇ ಇದೆ. ಬೆಂಗ್ರೆಯ ಮರಳಲ್ಲಿ ಬರಿಗಾಲಲ್ಲಿ ಫುಟ್ಬಾಲ್ ಆಡುವ ಹುಡುಗನಿಗೂ ಹಳದಿ ಕಾರ್ಡ್, ಕೆಂಪು ಕಾರ್ಡ್ ಏನೆಂದು ಗೊತ್ತು. 1970ರ ವಿಶ್ವಕಪ್‌ನಿಂದ ಈ ಪದ್ಧತಿ ಇದೆ. ತಪ್ಪು ಮಾಡಿದರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಹೊರಗೆ. ರೆಫ್ರಿ ಕೈ ಎತ್ತುವುದಿಲ್ಲ, ಆಟಗಾರನ ಮನೆಯವರನ್ನು ಬೈಯುವುದಿಲ್ಲ, ಜಾತಿ ಧರ್ಮ ತೆಗೆಯುವುದಿಲ್ಲ. ಅಮಾನತು ಮುಗಿದರೆ ಅದೇ ಆಟಗಾರ ಮತ್ತೆ ತಂಡಕ್ಕೆ ಬರುತ್ತಾನೆ. ಶಿಕ್ಷೆ ತಪ್ಪಿಗೆ, ಮನುಷ್ಯನಿಗಲ್ಲ.

ಶಾಲೆಯಲ್ಲೂ ಹೀಗೇ ಮಾಡಬಹುದು. ಜೂನ್‌ನಲ್ಲೇ ಮಕ್ಕಳನ್ನು ಕೂರಿಸಿ ನಾಲ್ಕೈದು ನಿಯಮ ಅವರ ಬಾಯಿಂದಲೇ ಬರೆಸಬೇಕು. ಜಗಳ ಬಂದಾಗ ಇಡೀ ಕ್ಲಾಸಿನ ಎದುರು ತೀರ್ಮಾನ ಬೇಡ. ಹದಿನಾಲ್ಕು ವರ್ಷದ ಹುಡುಗ ಗೆಳೆಯರ ಮುಂದೆ ಸೋಲುವುದಿಲ್ಲ, ಮಾಸ್ಟ್ರಿಗೂ ಸೋಲಲು ಆಗುವುದಿಲ್ಲ. ಅವನನ್ನು ಬದಿಗೆ ಕೂರಿಸಿ, ಉಳಿದವರ ಆಟ ಮುಂದುವರಿಸಿ, ಬೆಲ್ ಆದ ಮೇಲೆ ತಣ್ಣಗೆ "ಏನಾಯ್ತು ಮಾರಾಯ?" ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಪವಾಸ ಇದ್ದವನಿಗೆ ಸ್ಕೋರ್ ಬರೆಯುವ, ಅಂಪೈರ್ ಆಗುವ ಕೆಲಸ ಕೊಡಬಹುದು. ತಲೆಗೆ ಬಟ್ಟೆ ಹಾಕಿ ಆಡಲು ಫುಟ್ಬಾಲಿನಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲಿನಲ್ಲಿ 2017ರಲ್ಲಿ ಅಂತಾರಾಷ್ಟ್ರೀಯ ನಿಯಮವೇ ಬದಲಾಯಿತು. ಇದನ್ನು ತಿಳಿದ ಮಾಸ್ಟ್ರು ಮೂಲೆಯಲ್ಲಿ ಕೂತ ಹುಡುಗಿಯೊಂದಿಗೂ, ಅವಳ ಉಮ್ಮನೊಂದಿಗೂ ಬೇರೆ ರೀತಿಯಲ್ಲಿ ಮಾತಾಡಬಲ್ಲರು.

ಇನ್ನು ನಮ್ಮ ಪಾಲಿನ ಕೆಲಸ. ಮಗ ಮನೆಗೆ ಬಂದು "ಮಾಸ್ಟ್ರು ಹೊಡೆದರು" ಅಂದ ಕೂಡಲೇ ನಮ್ಮಲ್ಲಿ ಕೆಲವರು ಮಾಡುವುದು ವಾಟ್ಸ್ಆ್ಯಪ್ ಗ್ರೂಪಿಗೆ ವಾಯ್ಸ್ ಹಾಕುವುದು. ಸಂಜೆಯೊಳಗೆ ಮಾಸ್ಟ್ರ ಧರ್ಮ ಯಾವುದು ಎಂಬ ಚರ್ಚೆ ಶುರು. ಮರುದಿನ ಶಾಲೆಯ ಗೇಟಿನಲ್ಲಿ ಇಪ್ಪತ್ತು ಜನ. ಆ ಕಡೆಯಿಂದಲೂ ಇಪ್ಪತ್ತು ಜನ ಸೇರಲು ಎಷ್ಟು ಹೊತ್ತು? ಗುಂಪು ಅವತ್ತೇ ಮನೆಗೆ ಹೋಗುತ್ತದೆ, ನಾಳೆಯೂ ಅದೇ ಕ್ಲಾಸಿನಲ್ಲಿ ಕೂರಬೇಕಾದವನು ಆ ಹುಡುಗ. ಎಲ್ಲರ ಕಣ್ಣೂ ಅವನ ಮೇಲೆ. ಹೀಗೆ ಶಾಲೆ ಬೇಡವೆನಿಸಿದ ಹುಡುಗ ಎಸ್ಸೆಸ್ಸೆಲ್ಸಿಗೂ ಮುಂಚೆ ಟಿಸಿ ತೆಗೆದುಕೊಂಡು ದಕ್ಕೆಗೋ, ಮೊಬೈಲ್ ಅಂಗಡಿಗೋ ಸೇರುತ್ತಾನೆ. ಜಗಳದಲ್ಲಿ ಗೆದ್ದದ್ದು ಯಾರೇ ಆಗಲಿ, ಸೋತದ್ದು ಅವನೇ.

ಪೆಟ್ಟು ಬಿದ್ದಿದ್ದರೆ ಸುಮ್ಮನಿರಿ ಎಂದು ನಾವು ಹೇಳುತ್ತಿಲ್ಲ. ಗಾಯವಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಮುಖ್ಯ ಶಿಕ್ಷಕರಿಗೆ ಲಿಖಿತ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಶಾಲೆಗೆ ಹೋಗುವಾಗ ತಂದೆ ತಾಯಿ ಇಬ್ಬರೇ ಹೋದರೆ ಸಾಕು. ಮಾಸ್ಟ್ರ ಮಾತನ್ನೂ ಕೇಳಿ. ಮಗನೂ ಏನೋ ಅಂದಿರಬಹುದು.

ಜಗಳ ಆಗುವ ಮೊದಲೇ ಮಾಡುವ ಕೆಲಸ ಇನ್ನೂ ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ತಾಯಂದಿರು ಎಸ್‌ಡಿಎಂಸಿ ಸಭೆಗೆ ಸಹಿ ಹಾಕಲು ಮಾತ್ರ ಹೋಗದೆ, ಗೇಟಿನ ಕಾವಲನ್ನು ಎಲ್ಲ ಶಿಕ್ಷಕರೂ ಸರದಿಯಲ್ಲಿ ನೋಡಿಕೊಳ್ಳಬಾರದೇಕೆ ಎಂದು ಕೇಳಬೇಕು. ಜಮಾಅತ್ ಕಮಿಟಿಯವರು ವರ್ಷದ ಆರಂಭದಲ್ಲೇ ಉಸ್ತಾದರನ್ನೂ ಪಿ.ಟಿ. ಮಾಸ್ಟ್ರನ್ನೂ ಒಮ್ಮೆ ಎದುರು ಬದುರು ಕೂರಿಸಿ, ಮದ್ರಸದ ಸಮಯ, ರಮಝಾನಿನ ಆಟದ ಪೀರಿಯಡ್ ಕುರಿತು ಮಾತಾಡಿಸಬೇಕು. ಒಂದು ಚಾಯದ ಖರ್ಚು ಅಷ್ಟೆ. ಅದರಿಂದ ಒಬ್ಬ ಹುಡುಗ ಟಿಸಿ ಕೇಳದೆ ಶಾಲೆಯಲ್ಲಿ ಉಳಿದರೂ ಲಾಭವೇ.