ಜಾಲತಾಣಕ್ಕೆ ಬಂದವರು ಎಷ್ಟು ಮಂದಿ?



ಕಳೆದ ಸರ್ವಸದಸ್ಯರ ಸಭೆಯಲ್ಲಿ, ನಮ್ಮ ಸಂಘದ ಜಾಲತಾಣಕ್ಕೆ ವರ್ಷದಲ್ಲಿ ಲಕ್ಷಗಟ್ಟಲೆ 'ಹಿಟ್' ಬಂದಿವೆಯೆಂದು ಓದಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಅದರ ಬೆನ್ನಿಗೇ ಒಂದು ಸಲಹೆ ಬಂತು: ಇಷ್ಟು ಜನ ಅಲ್ಲಿಯೇ ಓದುತ್ತಿರುವಾಗ ಈ ವಾರ್ತಾಪತ್ರದ ಕಾಗದ, ಅಚ್ಚು, ಅಂಚೆಯ ಖರ್ಚೇಕೆ? ವಿಷಯ ಈಗ ಆಡಳಿತ ಮಂಡಳಿಯ ಮುಂದಿದೆ. ತೀರ್ಮಾನವಾಗುವ ಮೊದಲು ಆ ಲಕ್ಷವೆಂದರೆ ಏನೆಂಬುದನ್ನು ಸದಸ್ಯರು ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ. ಪತ್ರಿಕೆ ನಡೆಸುವವರು ಪತ್ರಿಕೆಯ ಪರವಾಗಿಯೇ ವಾದಿಸುತ್ತಾರೆಂದು ನೀವು ನಗಬಹುದು. ನಗಿ, ಆದರೆ ಲೆಕ್ಕ ನೋಡಿದ ಮೇಲೆ ನಗಿ.

'ಹಿಟ್' ಎಂದರೆ ಮನುಷ್ಯನಲ್ಲ. ಜಾಲತಾಣವನ್ನು ಇರಿಸಿರುವ ಸರ್ವರ್ ಯಂತ್ರಕ್ಕೆ ಬರುವ ಒಂದೊಂದು ಕೋರಿಕೆಯೂ ಒಂದು ಹಿಟ್. ಧಾರಣೆಯ ಪುಟವನ್ನು ಒಬ್ಬರು ಒಮ್ಮೆ ತೆರೆದರೆ ಆ ಪುಟ ಒಂದು. ಅದರಲ್ಲಿ 30 ಚಿತ್ರಗಳಿದ್ದರೆ ಅವು 30. ಅಲಂಕಾರದ ಕಡತಗಳು 4 ಇದ್ದರೆ ಅವೂ ಸೇರಿ ಒಟ್ಟು 35. ನೋಡಿದವರು ಒಬ್ಬರೇ. ಪುಟಕ್ಕೆ ಇನ್ನೂ ಹತ್ತು ಫೋಟೋ ಅಂಟಿಸಿದರೆ ಒಬ್ಬ ಓದುಗನೂ ಹೆಚ್ಚದೆ ಹಿಟ್ ಏರುತ್ತದೆ. ಹಸಿ ಅಡಿಕೆಯ ತೂಕವನ್ನೇ ಒಣ ರಾಶಿಯ ತೂಕವೆಂದು ಯಾವ ಚೇಣಿದಾರನೂ ಒಪ್ಪಿಸಲಾರ. ಇಲ್ಲಿ ಆದದ್ದು ಬಹುಮಟ್ಟಿಗೆ ಅದೇ. ಸರ್ವರಿನ ದಾಖಲೆಯನ್ನು ಓದಿ ಹೇಳುವ 'ಎಡಬ್ಲ್ಯುಸ್ಟ್ಯಾಟ್ಸ್'ನಂಥ ಸಲಕರಣೆಗಳು ಭೇಟಿ, ಪುಟ, ಹಿಟ್ ಇವೆಲ್ಲವನ್ನೂ ಅಕ್ಕಪಕ್ಕದಲ್ಲೇ ಕೊಡುತ್ತವೆ. ಅವುಗಳಲ್ಲಿ ದೊಡ್ಡದನ್ನೇ ಆರಿಸಿ ಸಭೆಗೆ ಓದಿದ್ದು ಯಾರದೋ ಉತ್ಸಾಹ.

ಬಂದವರೆಲ್ಲ ಮನುಷ್ಯರೂ ಅಲ್ಲ. ಗೂಗಲ್‌ನಂಥ ಶೋಧಕ ಸಂಸ್ಥೆಗಳ ಯಂತ್ರಗಳು, ಕೃತಕ ಬುದ್ಧಿಮತ್ತೆಯ ಕಂಪನಿಗಳ ಯಂತ್ರಗಳು, ಬಾಗಿಲು ಸಡಿಲವಿದೆಯೇ ಎಂದು ತಡವುವ ಕಳ್ಳ ಯಂತ್ರಗಳು ಹಗಲಿರುಳು ಜಾಲತಾಣಗಳನ್ನು ಸುತ್ತುತ್ತವೆ. 2024ರ ಜಾಲ ಸಂಚಾರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಇಂಥ ಯಂತ್ರಗಳದೆಂದು ಇಂಪರ್ವಾ ಕಂಪನಿಯ 2025ರ ವರದಿ ಹೇಳಿತು. ಯಂತ್ರಗಳನ್ನು ತಡೆಯುವುದೇ ಆ ಕಂಪನಿಯ ವ್ಯಾಪಾರವಾದ್ದರಿಂದ ಸ್ವಲ್ಪ ತಗ್ಗಿಸಿಯೇ ಓದೋಣ. ಹಾಗೆ ಓದಿದರೂ ನಮ್ಮ ಚಪ್ಪಾಳೆಯಲ್ಲಿ ಒಂದು ಪಾಲು ಅವಕ್ಕೆ ಸಂದಿತೆಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಮನುಷ್ಯರನ್ನೇ ಎಣಿಸುವ ಸಲಕರಣೆ ಇಲ್ಲವೇ? ಇದೆ. 2005ರಿಂದ ಗೂಗಲ್ ಅನಲಿಟಿಕ್ಸ್ ಉಚಿತವಾಗಿಯೇ ಸಿಗುತ್ತಿದೆ. ಅದು ಬಂದವರ ಫೋನಿನಲ್ಲೋ ಕಂಪ್ಯೂಟರಿನಲ್ಲೋ 'ಕುಕಿ' ಎಂಬ ಗುರುತನ್ನು ಇಟ್ಟು, ಆ ಗುರುತುಗಳನ್ನು ಎಣಿಸುತ್ತದೆ. ಮನೆಯ ಒಂದೇ ಫೋನಿನಲ್ಲಿ ಅಪ್ಪ, ಮಗ, ಸೊಸೆ ನೋಡಿದರೆ ಒಬ್ಬರು. ಒಬ್ಬರೇ ಫೋನಿನಲ್ಲೂ ಕಂಪ್ಯೂಟರಿನಲ್ಲೂ ನೋಡಿದರೆ ಸಾಮಾನ್ಯವಾಗಿ ಇಬ್ಬರು. ಅರ್ಧ ಗಂಟೆ ಅಲುಗಾಡದಿದ್ದರೆ ಒಂದು ಭೇಟಿ ಮುಗಿಯಿತೆಂದು ಅದರ ಲೆಕ್ಕ. ಬೆಳಗ್ಗೆ ಧಾರಣೆ ನೋಡಿ, ಕಪಾತಿನ ಆಳುಗಳೊಡನೆ ತೋಟಕ್ಕೆ ಹೋಗಿ, ಊಟದ ಹೊತ್ತಿಗೆ ಮತ್ತೆ ನೋಡಿದರೆ ಎರಡು ಭೇಟಿ.

ನಮಗೆ ಬೇಸರ ತಂದದ್ದು ಇನ್ನೊಂದು. 'ಓದುಗರು ಧಾರಣೆಯ ಪುಟದಲ್ಲಿ ನಿಲ್ಲುತ್ತಿಲ್ಲ' ಎಂದು ಹಿಂದಿನ ವರದಿಯೊಂದು ಆಕ್ಷೇಪಿಸಿತ್ತು. ಹಳೆಯ ಅನಲಿಟಿಕ್ಸ್ ಒಂದು ಪುಟ ತೆರೆದದ್ದಕ್ಕೂ ಮುಂದಿನ ಪುಟ ತೆರೆದದ್ದಕ್ಕೂ ನಡುವಿನ ಅವಧಿಯನ್ನೇ ಓದಿದ ಸಮಯವೆಂದು ಹಿಡಿಯುತ್ತಿತ್ತು. ಒಂದೇ ಪುಟ ನೋಡಿ ಹೊರಟವರ ಸಮಯ ಸೊನ್ನೆ! ರಾಶಿ, ಬೆಟ್ಟೆ, ಚೆರಿ, ಪಾರ್ಚ್‌ಮೆಂಟ್ ಎಲ್ಲದರ ಧಾರಣೆ ಓದಿ, ಮಾಲು ಇಂದು ಒಯ್ಯುವುದೋ ಇಟ್ಟುಕೊಳ್ಳುವುದೋ ನಿಶ್ಚಯಿಸಿ ಎದ್ದ ಬೆಳೆಗಾರ, ಆ ವರದಿಯ ಪ್ರಕಾರ ಬಾಗಿಲಿಂದಲೇ ಹಿಂತಿರುಗಿದವನು. ಆ ಹಳೆಯ ಪದ್ಧತಿ 2023ರ ಜುಲೈ 1ರಿಂದ ಎಣಿಕೆ ನಿಲ್ಲಿಸಿತು. ಹೊಸದು 10 ಸೆಕೆಂಡು ದಾಟಿ ನಿಂತವರನ್ನು ಓದುಗರೆಂದೇ ಮನ್ನಿಸುತ್ತದೆ. ಆದ್ದರಿಂದ 2022ರ ಅಂಕಿಯ ಪಕ್ಕದಲ್ಲಿ 2024ರ ಅಂಕಿಯನ್ನಿಟ್ಟು 'ಏರಿತು, ಇಳಿಯಿತು' ಎನ್ನುವುದು ಕೊಳಗವನ್ನೇ ಬದಲಿಸಿ ಭತ್ತ ಅಳೆದಂತೆ.

ಊರಿನ ಪಟ್ಟಿಯೂ ಹಾಗೆಯೇ. ನಮ್ಮ ವರದಿಯಲ್ಲಿ ಬೆಂಗಳೂರು ಮೇಲಿದೆ. ಮೊಬೈಲ್ ಕಂಪನಿ ಅಂತರ್ಜಾಲಕ್ಕೆ ಸೇರುವ ಜಾಗವನ್ನೇ ಊರೆಂದು ಬಗೆಯುವುದರಿಂದ, ಮಲೆನಾಡಿನ ಮೂಲೆಯಲ್ಲಿ ಕುಳಿತವರೂ ಎಷ್ಟೋ ಸಲ ಬೆಂಗಳೂರಿಗರಾಗುತ್ತಾರೆ. ಅದನ್ನು ನಂಬಿ ಪೇಟೆಯವರಿಗಾಗಿ ಕಾಫಿಪುಡಿಯ ಜಾಹೀರಾತನ್ನು ಮುಖಪುಟಕ್ಕೆ ತಂದು, ಧಾರಣೆಯನ್ನು ಕೆಳಗೆ ತಳ್ಳಿದ್ದು ಸರಿಯೆಂದು ನಮಗೆ ಅನಿಸುವುದಿಲ್ಲ.

ಲೆಕ್ಕ ತಪ್ಪುವುದು ಒಂದೇ ಕಡೆಗಲ್ಲ, ಇದನ್ನೂ ಹೇಳಬೇಕು. ಧಾರಣೆಯ ಪುಟದ ಚಿತ್ರ ತೆಗೆದು ವಾಟ್ಸಾಪ್‌ನಲ್ಲಿ ಊರಿಗೆಲ್ಲ ಹಂಚಿದರೆ, ಓದಿದ ಐವತ್ತು ಮಂದಿ ಯಾವ ಸಲಕರಣೆಗೂ ಕಾಣರು. ಜಾಲತಾಣ ದಂಡವೆಂದು ನಾವು ಹೇಳುತ್ತಿಲ್ಲ. ಜನ ಯಾವ ಮಾತು ಹುಡುಕಿ ನಮ್ಮಲ್ಲಿಗೆ ಬಂದರೆಂಬುದನ್ನು ಗೂಗಲ್‌ನ 'ಸರ್ಚ್ ಕನ್ಸೋಲ್' ತೋರಿಸುತ್ತದೆ. ಮಳೆಗಾಲದಲ್ಲಿ ಕೊಳೆರೋಗವನ್ನೋ, ಎಲೆಚುಕ್ಕಿಯನ್ನೋ, ಕಾಂಡಕೊರಕವನ್ನೋ ಹುಡುಕಿ ಬಂದವರಿಗೆ ನಮ್ಮಲ್ಲಿ ಒಂದು ಪುಟವಾದರೂ ಇತ್ತೇ? ಮಂಡಳಿ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಬಂದವರಲ್ಲಿ ಸಂಘದ ಸದಸ್ಯರು ಎಷ್ಟು ಎಂಬುದನ್ನು ಮಾತ್ರ ಈ ಸಲಕರಣೆಗಳಾವುವೂ ತಾವಾಗಿ ಹೇಳಲಾರವು. ಅದಕ್ಕೆ ಶಾಖೆಯ ಗುಮಾಸ್ತರ ನೋಟ್‌ಬುಕ್ಕೇ ಆಗಬೇಕು. ಮಾಲು ತಂದವರನ್ನು 'ಧಾರಣೆ ಎಲ್ಲಿ ನೋಡಿದಿರಿ?' ಎಂದು ಒಂದು ತಿಂಗಳು ಕೇಳಿ ಗೀಟು ಹಾಕಿದರೆ ಸಾಕು. ಆ ಲೆಕ್ಕ ಬರುವವರೆಗೆ ವಾರ್ತಾಪತ್ರ ನಿಲ್ಲಿಸುವ ಮಾತನ್ನು ಮುಂದೂಡಬೇಕೆಂದು ಮಂಡಳಿಯನ್ನು ಕೋರುತ್ತೇವೆ.

ಕೊನೆಗೊಂದು ಚಿಕ್ಕ ಕೆಲಸ. ನಮ್ಮ ಅನಲಿಟಿಕ್ಸ್ ಖಾತೆ ಈಗ ಜಾಲತಾಣ ಮಾಡಿಕೊಟ್ಟವರ ಸ್ವಂತ ಇ-ಮೇಲಿನಲ್ಲಿದೆ. ಅದು ಸಂಘದ ಹೆಸರಿಗೆ ಬರಬೇಕು. ಬಿಡಿ ವಿವರಗಳನ್ನು ಅದು ತಾನಾಗಿ 2 ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ, ಬದಲಿಸಿದರೆ 14 ತಿಂಗಳು. ಬದಲಿಸದೆ ಬಿಟ್ಟರೆ ಈ ಕೊಯ್ಲನ್ನು ಕಳೆದ ಕೊಯ್ಲಿನೊಡನೆ ಹೋಲಿಸಲು ಆ ವಿವರಗಳು ಉಳಿದಿರುವುದಿಲ್ಲ.